ಪರ್ಸು ಮೇಜಿನ ಮೇಲಿಡಿ

ಜರ್ಮನಿಯ ಒಂದು ಶಾಲೆ. ಏಳನೇ ತರಗತಿಯಲ್ಲಿ ಪಾಠ ನಡೆದಿದೆ. ಬಾಗಿಲು ತೆರೆದು ಮುಖ್ಯೋಪಾಧ್ಯಾಯಿನಿ ಸಹೋದ್ಯೋಗಿಗಳೊಂದಿಗೆ ಒಳಗೆ ಬರುತ್ತಾರೆ. ಹುಡುಗಿಯರನ್ನು ಹೊರಗೆ ಕಳಿಸುತ್ತಾರೆ. ಹುಡುಗರು ತಮ್ಮ ಪರ್ಸುಗಳನ್ನು ತೆಗೆದು ಮೇಜಿನ ಮೇಲಿಡಬೇಕು. ಬಲವಂತ ಏನಿಲ್ಲ, ಇಷ್ಟವಿದ್ದವರು ಮಾತ್ರ ತೋರಿಸಿದರೆ ಸಾಕು. ಆದರೆ ಮುಚ್ಚಿಡುವಂಥದ್ದು ಏನೂ ಇಲ್ಲದಿದ್ದರೆ ತೋರಿಸಲು ಅಂಜಿಕೆ ಯಾಕೆ? ಹನ್ನೆರಡು ವರ್ಷದ ಯಾವ ಹುಡುಗ ಈ ಮಾತಿಗೆ 'ನನಗೆ ಇಷ್ಟವಿಲ್ಲ' ಎಂದಾನು? ಎಲ್ಲ ಪರ್ಸುಗಳೂ ಮೇಜಿನ ಮೇಲೆ ಬರುತ್ತವೆ. ಅಲಿ ಎಂಬ ಹುಡುಗನ ಪರ್ಸಿನಲ್ಲಿ ಸ್ವಲ್ಪ ಹೆಚ್ಚೇ ದುಡ್ಡು ಸಿಗುತ್ತದೆ. ಅಲಿಯ ಮನೆಯವರು ಟರ್ಕಿಯಿಂದ ಬಂದು ನೆಲೆಸಿದವರು. ಆ ದುಡ್ಡನ್ನು ಒಂದು ಆಟದ ಸಿಡಿ ಕೊಳ್ಳಲೆಂದು ತಾವೇ ಕೊಟ್ಟದ್ದು ಎಂದು ಹೇಳಲು ಅಪ್ಪ ಅಮ್ಮ ಕೆಲಸ ಬಿಟ್ಟು ಶಾಲೆಗೆ ಬರಬೇಕಾಗುತ್ತದೆ.

ಇಲ್ಕರ್ ಚಾತಾಕ್ ನಿರ್ದೇಶಿಸಿದ 'ದಿ ಟೀಚರ್ಸ್ ಲೌಂಜ್' 2023ರ ಚಿತ್ರ. ಜರ್ಮನ್ ಹೆಸರಿನ ಅರ್ಥ ಶಿಕ್ಷಕರ ಕೋಣೆ, ನಮ್ಮ ಬಾಯಿಮಾತಿನಲ್ಲಿ 'ಸ್ಟಾಫ್ ರೂಮು'. ಬರ್ಲಿನ್ ಚಿತ್ರೋತ್ಸವದಲ್ಲಿ ಮೊದಲು ತೆರೆ ಕಂಡು, ಜರ್ಮನಿಯ ರಾಷ್ಟ್ರೀಯ ಪ್ರಶಸ್ತಿ ಪಡೆದು, 2024ರ ಆಸ್ಕರ್‌ನ ಅಂತರರಾಷ್ಟ್ರೀಯ ಚಿತ್ರಗಳ ಕೊನೆಯ ಐದರಲ್ಲಿ ಸೇರಿತ್ತು. ಅದನ್ನು ಹೊಗಳಿ ಬರೆದವರಲ್ಲಿ ಬಹಳ ಮಂದಿ 'ಇಂದಿನ ಸಮಾಜದ ಪುಟ್ಟ ಪ್ರತಿರೂಪ' ಎಂದರು. ಶಾಲೆಯ ಬಗ್ಗೆ ಯಾರೇ ಚಿತ್ರ ಮಾಡಲಿ, ಅದು ಇನ್ನಾವುದರದೋ ರೂಪಕ ಎಂದುಬಿಡುವುದು ನಮ್ಮ ವಿಮರ್ಶೆಯ ಅಭ್ಯಾಸ. ನನಗೆ ಇದು ಶಾಲೆಯ ಬಗ್ಗೆಯೇ ಇರುವ ಚಿತ್ರ. ಮಕ್ಕಳನ್ನು ಹದ್ದುಬಸ್ತಿನಲ್ಲಿ ಇಡಬೇಕಾದಾಗ ದೊಡ್ಡವರು ಅವರ ಜೇಬು, ಚೀಲ, ಮನೆ, ಗೆಳೆತನಗಳ ಒಳಗೆ ಎಷ್ಟು ಸಲೀಸಾಗಿ ಕೈ ಹಾಕುತ್ತಾರೆ ಎಂಬುದು ಅದರ ವಸ್ತು. ಊರು ಬಿಟ್ಟು ಬಂದು ಪುಣೆ, ಹೈದರಾಬಾದು, ದಿಲ್ಲಿಗಳ ಶಾಲೆಗಳಿಗೆ ಮಕ್ಕಳನ್ನು ಕಳಿಸುವ ನಮ್ಮಂಥವರು ಒಮ್ಮೆ ನೋಡಲೇಬೇಕಾದದ್ದೂ ಇದೇ ಕಾರಣಕ್ಕೆ.

ಕತೆ ಇಷ್ಟು. ಕಾರ್ಲಾ ನೋವಾಕ್ ಶಾಲೆಗೆ ಹೊಸದಾಗಿ ಬಂದ ಶಿಕ್ಷಕಿ. ಗಣಿತ ಮತ್ತು ಆಟದ ಪಾಠ ಅವಳದು. ಲಿಯೋನಿ ಬೆನೆಶ್ ಈ ಪಾತ್ರವನ್ನು ಬೆನ್ನು ನೆಟ್ಟಗೆ ಮಾಡಿ, ಉಸಿರು ಬಿಗಿ ಹಿಡಿದು ನಟಿಸಿದ್ದಾರೆ. ಶಾಲೆಯಲ್ಲಿ ಸಣ್ಣಪುಟ್ಟ ಕಳ್ಳತನ ನಡೆಯುತ್ತಿದೆ. ಅನುಮಾನವೆಲ್ಲ ಮಕ್ಕಳ ಮೇಲೆ. ಆದರೆ ಕಾಫಿಗೆಂದು ಸ್ಟಾಫ್ ರೂಮಿನಲ್ಲಿ ಇಟ್ಟ ಹುಂಡಿಯಿಂದ ಒಬ್ಬ ಸಹೋದ್ಯೋಗಿಯೇ ಚಿಲ್ಲರೆ ತೆಗೆದುಕೊಳ್ಳುವುದು ಕಾರ್ಲಾಳ ಕಣ್ಣಿಗೆ ಬೀಳುತ್ತದೆ. ಅವಳು ತನ್ನ ಜಾಕೆಟ್ಟನ್ನು ಕುರ್ಚಿಯ ಮೇಲೆ ಬಿಟ್ಟು, ಲ್ಯಾಪ್‌ಟಾಪಿನ ಕ್ಯಾಮೆರಾ ಚಾಲೂ ಮಾಡಿ ಪಾಠಕ್ಕೆ ಹೋಗುತ್ತಾಳೆ. ಬಂದು ನೋಡಿದರೆ ದುಡ್ಡಿಲ್ಲ. ಚಿತ್ರೀಕರಣದಲ್ಲಿ ಮುಖವಿಲ್ಲ; ಒಂದು ತೋಳು, ಅದರ ಮೇಲಿನ ವಿಶಿಷ್ಟ ವಿನ್ಯಾಸದ ಬ್ಲೌಸು, ಅಷ್ಟೇ. ಆ ದಿನ ಆ ಬ್ಲೌಸು ತೊಟ್ಟವರು ಶಾಲಾ ಕಚೇರಿಯ ಕೂನ್. ಕೂನ್‌ರ ಮಗ ಓಸ್ಕರ್ ಕಾರ್ಲಾಳ ತರಗತಿಯಲ್ಲೇ ಓದುವ, ಗಣಿತದಲ್ಲಿ ಎಲ್ಲರಿಗಿಂತ ಚುರುಕಾದ ಹುಡುಗ. ಅಲ್ಲಿಂದ ಮುಂದೆ ಯಾರೂ ಕೆಟ್ಟವರಾಗದೆಯೇ ಎಲ್ಲವೂ ಕೆಡುತ್ತಾ ಹೋಗುತ್ತದೆ.

ಚಿತ್ರದ ತಿರುಳು ಒಂದು ಪದ ಯಾವಾಗ ಕೇಳಿಬರುತ್ತದೆ ಎಂಬುದರಲ್ಲಿದೆ. ಹುಡುಗರ ಪರ್ಸು ತೆರೆಸಿದಾಗ ಶಾಲೆಯಲ್ಲಿ ಯಾರೂ ಹಕ್ಕಿನ ಮಾತೆತ್ತುವುದಿಲ್ಲ. ಕಾರ್ಲಾಳಿಗೆ ಕಸಿವಿಸಿಯಾಗುತ್ತದೆ ನಿಜ, ಆದರೆ ಅವಳೂ ನಿಂತು ನೋಡುತ್ತಾಳೆ. ಸ್ಟಾಫ್ ರೂಮಿನಲ್ಲಿ ಕ್ಯಾಮೆರಾ ಓಡಿತ್ತು ಎಂದು ಗೊತ್ತಾದ ಕ್ಷಣವೇ ಶಿಕ್ಷಕರೆಲ್ಲ ಸಿಡಿದೇಳುತ್ತಾರೆ: ನಮಗೆ ಹೇಳದೆ ನಮ್ಮನ್ನು ಚಿತ್ರಿಸಿದ್ದು ವ್ಯಕ್ತಿಯ ಹಕ್ಕಿನ ಉಲ್ಲಂಘನೆ. ಅವರು ಹೇಳುವುದು ಸರಿಯೇ. ಆದರೆ ಖಾಸಗಿತನ ಎಂಬುದು ದೊಡ್ಡವರಿಗೆ ಹುಟ್ಟಿನಿಂದ ಬಂದದ್ದು, ಮಕ್ಕಳಿಗೆ ಮಾತ್ರ ಒಳ್ಳೆಯ ನಡತೆಗೆ ಬದಲಾಗಿ ಸಿಗುವ ಸವಲತ್ತು ಎಂಬ ನಂಬಿಕೆ ಆ ಕೋಣೆಯ ಗೋಡೆಗಳಲ್ಲೇ ಸೇರಿಕೊಂಡಿದೆ. ಚಾತಾಕ್ ಇದನ್ನು ಎಲ್ಲೂ ಬಾಯಿಬಿಟ್ಟು ಹೇಳಿಸುವುದಿಲ್ಲ. ಎರಡು ಘಟನೆಗಳನ್ನು ಒಂದೇ ಚಿತ್ರದಲ್ಲಿ ಇಟ್ಟು ಸುಮ್ಮನಾಗಿದ್ದಾರೆ.

ಪರ್ಸಿನ ಘಟನೆಗೂ ಮೊದಲು ಇನ್ನೊಂದು ದೃಶ್ಯ ಬರುತ್ತದೆ. ನನ್ನ ಪಾಲಿಗೆ ಇಡೀ ಚಿತ್ರದಲ್ಲಿ ನೋಡಲು ಅತಿ ಕಷ್ಟವಾದದ್ದು ಅದು. ತರಗತಿಯ ಇಬ್ಬರು ಪ್ರತಿನಿಧಿಗಳನ್ನು ಕೂರಿಸಿಕೊಂಡು ಶಿಕ್ಷಕರು ವಿಚಾರಿಸುತ್ತಾರೆ. ಬಾಯಿಬಿಟ್ಟು ಹೇಳುವುದು ಬೇಡ. ಹೆಸರುಗಳ ಪಟ್ಟಿಯ ಮೇಲೆ ಪೆನ್ನು ಕೆಳಗಿಳಿಯುತ್ತಾ ಬರುತ್ತದೆ, ಅನುಮಾನವಿರುವ ಹೆಸರು ಬಂದಾಗ ತಲೆಯಾಡಿಸಿದರೆ ಸಾಕು. ಧ್ವನಿ ಮೃದು, ನಗು ಮುಖ. ಹೇಳಲೇಬೇಕೆಂದಿಲ್ಲ ಎಂದು ಕಾರ್ಲಾ ನಡುವೆ ಬಂದು ಹೇಳುತ್ತಾಳೆ, ಅದು ತಟ್ಟುವುದಿಲ್ಲ.

ಕನ್ನಡ ಶಾಲೆಯಲ್ಲಿ ಓದಿದ ಯಾರಿಗೂ ಈ ಪಟ್ಟಿ ಹೊಸದಲ್ಲ. ಮೇಷ್ಟ್ರು ಹೊರಗೆ ಹೋಗುವಾಗ ಮಾನಿಟರ್ ಕೈಗೆ ಬಳಪ ಕೊಟ್ಟು ಹೋಗುತ್ತಿದ್ದರಲ್ಲ, ಅದರ ಇನ್ನೊಂದು ರೂಪವಿದು. ಕರಿಹಲಗೆಯ ಮೂಲೆಯಲ್ಲಿ 'ಗಲಾಟೆ ಮಾಡುವವರು' ಎಂದು ಬರೆದು ಕೆಳಗೊಂದು ಗೆರೆ, ಅದರ ಕೆಳಗೆ ಹೆಸರುಗಳು. ಹೆಸರಿನ ಮುಂದೆ ಇಂಟು ಗುರುತು ಬಿದ್ದಷ್ಟೂ ಏಟು. ನಾವು ಅದನ್ನು ನೆನೆದು ನಗುತ್ತೇವೆ. ಆದರೆ ಆ ಪಟ್ಟಿಯ ಏರ್ಪಾಡನ್ನು ನೋಡಿ: ಒಬ್ಬ ಮಗುವಿನ ತಪ್ಪನ್ನು ಇನ್ನೊಂದು ಮಗು ಬರೆಯಬೇಕು, ಉಳಿದ ಎಲ್ಲರೂ ಓದಬೇಕು, ಶಿಕ್ಷೆ ಆಮೇಲೆ. ಏಟು ಕಾನೂನಿನ ಪ್ರಕಾರ ಹೋಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಮೂಲೆ ಸೇರಿದ ಮೇಲೆ ಕರಿಹಲಗೆಯ ಪಟ್ಟಿಗೆ ಮೊದಲಿಗಿಂತ ಹೆಚ್ಚು ಕೆಲಸ ಬಂದಿದೆ. ಕ್ಲಾಸ್‌ಡೋಜೋದಂಥ ಆ್ಯಪ್‌ಗಳಲ್ಲಿ ಪ್ರತಿ ಮಗುವಿಗೂ ಒಂದು ಮುದ್ದಾದ ಕಾರ್ಟೂನ್ ಪ್ರಾಣಿ, ಅದರ ಪಕ್ಕದಲ್ಲಿ ನಡತೆಯ ಅಂಕ. ಅದನ್ನೇ ಗೋಡೆಯ ಪರದೆಯ ಮೇಲೆ ಹಾಕಿದರೆ ಬಳಪವಿಲ್ಲದ ಕರಿಹಲಗೆ.

ಕಾರ್ಲಾಳನ್ನು ಚಿತ್ರ ದಡ್ಡಿಯಾಗಿಯೋ ಕ್ರೂರಿಯಾಗಿಯೋ ತೋರಿಸುವುದಿಲ್ಲ. ಅವಳು ಒಳ್ಳೆಯ ಶಿಕ್ಷಕಿ. ಗದ್ದಲವಾದಾಗ ಗದರಿಸುವುದಿಲ್ಲ, ಒಂದು ತಾಳದಲ್ಲಿ ಚಪ್ಪಾಳೆ ತಟ್ಟುತ್ತಾಳೆ, ಮಕ್ಕಳು ತಟ್ಟಿ ಉತ್ತರ ಕೊಡುತ್ತಾರೆ, ತರಗತಿ ತಾನಾಗಿ ನೆಟ್ಟಗಾಗುತ್ತದೆ. ಒಮ್ಮೆ ಎಲ್ಲರೂ ಸೇರಿ ಕಿರುಚುವಂತೆ ಮಾಡಿ ಎದೆಯ ಬಿಗಿತ ಇಳಿಸುತ್ತಾಳೆ. ಈ ಉಪಾಯಗಳಲ್ಲಿ ಯಾವ ಮಗುವಿನ ಹೆಸರೂ ಬರುವುದಿಲ್ಲ ಎಂಬುದನ್ನು ಗಮನಿಸಬೇಕು. ಯಾರನ್ನೂ ಬೇರ್ಪಡಿಸದೆ ಇಡೀ ತರಗತಿಯನ್ನು ಹಿಡಿಯುವ ಕಲೆ ಅವಳಿಗೆ ಚೆನ್ನಾಗಿ ಗೊತ್ತು. ಇನ್ನೊಂದು ಸಣ್ಣ ದೃಶ್ಯವನ್ನು ನಮ್ಮ ಓದುಗರು ಬೇಗ ಹಿಡಿದಾರು. ಅವಳ ಮನೆಯವರು ಪೋಲೆಂಡಿನ ಕಡೆಯವರು. ಸಹೋದ್ಯೋಗಿಯೊಬ್ಬ ಪೋಲಿಷ್‌ನಲ್ಲಿ ಮಾತಾಡಿಸಿದರೆ, ಇಲ್ಲಿ ಜರ್ಮನ್‌ನಲ್ಲೇ ಮಾತಾಡೋಣ ಎನ್ನುತ್ತಾಳೆ. ಆಫೀಸಿನ ಕ್ಯಾಂಟೀನಿನಲ್ಲಿ ಯಾರೋ ಜೋರಾಗಿ 'ನಿಮ್ದು ಯಾವ ಊರು?' ಎಂದಾಗ ತಗ್ಗಿದ ದನಿಯಲ್ಲಿ ಹಿಂದಿಯಲ್ಲೇ ಉತ್ತರಿಸಿದವರು ನಮ್ಮಲ್ಲಿ ಕಡಿಮೆಯೇ? ಅದು ಕೀಳರಿಮೆಯೇ ಆಗಬೇಕೆಂದಿಲ್ಲ. ತನ್ನ ಬಗ್ಗೆ ಯಾವುದನ್ನು ಯಾವಾಗ ಯಾರಿಗೆ ಹೇಳಬೇಕು ಎಂಬುದನ್ನು ತಾನೇ ತೀರ್ಮಾನಿಸುವ ಹಟ ಅದು. ಅಷ್ಟು ಹಟವಿರುವ ಕಾರ್ಲಾಳೇ ಕ್ಯಾಮೆರಾ ಚಾಲೂ ಮಾಡಿ ಹೋಗುತ್ತಾಳೆ.

ಹಾಗೆ ಮಾಡಿದ ಮೇಲೂ ಅವಳು ವಿಷಯವನ್ನು ರಟ್ಟು ಮಾಡಲು ಹೊರಟವಳಲ್ಲ. ನೇರ ಕೂನ್ ಬಳಿಗೆ ಹೋಗುತ್ತಾಳೆ, ಒಬ್ಬಳೇ. ಒಪ್ಪಿಕೊಂಡರೆ ಇಲ್ಲಿಗೇ ಮುಗಿಸೋಣ ಎಂಬ ಧಾಟಿ. ಮೇಲ್ನೋಟಕ್ಕೆ ಇದಕ್ಕಿಂತ ಮರ್ಯಾದೆಯ ದಾರಿ ಇಲ್ಲ. ಆದರೆ ಕಾರ್ಲಾಳ ಕೈಯಲ್ಲಿ ಕದ್ದು ತೆಗೆದ ಚಿತ್ರವಿದೆ. ಒಬ್ಬರ ಕೈಯಲ್ಲಿ ಅಂಥ ಸಾಕ್ಷಿಯಿದ್ದಾಗ ಇಬ್ಬರೇ ಕೂತು ಆಡುವ ಮಾತು ಖಾಸಗಿ ಮಾತಾಗಿ ಉಳಿಯುವುದಿಲ್ಲ, ಬೆದರಿಕೆಯಾಗುತ್ತದೆ. ಶಾಲೆಯ ಮಕ್ಕಳ ವಿಷಯದಲ್ಲಿ ಇದು ಇನ್ನೂ ನಿಜ. 'ಬಾ, ಪಕ್ಕಕ್ಕೆ ಬಾ, ಯಾರಿಗೂ ಹೇಳಲ್ಲ' ಎಂದು ಕರೆಯುವ ಶಿಕ್ಷಕರು ಮೊದಲೇ ಚೀಲ ಜಾಲಾಡಿ, ಮೊಬೈಲ್ ತೆರೆದು ನೋಡಿ, ಗೆಳೆಯರಿಂದ ಬಾಯಿ ಬಿಡಿಸಿ ಬಂದಿದ್ದರೆ, ಆ ಏಕಾಂತ ಮಗುವಿಗೆ ಪೊಲೀಸ್ ಠಾಣೆಯ ಕೋಣೆಯೇ.

ಅನಂತರ ಪೋಷಕರ ಸಭೆ ಬರುತ್ತದೆ. ಕಾರ್ಲಾಳಿಗೆ ಬಾಯಿ ಬಿಡುವಂತಿಲ್ಲ, ತನಿಖೆ ನಡೆದಿದೆ. ಕೂನ್ ಆ ಸಭೆಗೇ ನಡೆದುಬಂದು ತಮ್ಮನ್ನು ಕದ್ದು ಚಿತ್ರಿಸಿದ್ದನ್ನು ಎಲ್ಲರ ಮುಂದೆ ಇಡುತ್ತಾರೆ. ಇಲ್ಲಿ ಚಿತ್ರ ಒಂದು ಸೂಕ್ಷ್ಮವಾದ ವ್ಯತ್ಯಾಸದ ಹತ್ತಿರ ಬರುತ್ತದೆ. ಮಗುವಿನ ಖಾಸಗಿತನ ಬೇರೆ, ಸಂಸ್ಥೆ ತನ್ನ ಮೈ ಉಳಿಸಿಕೊಳ್ಳಲು ಹಿಡಿಯುವ ಮೌನ ಬೇರೆ. ಅಲಿಯ ಪರ್ಸನ್ನು ತರಗತಿಯ ಮುಂದೆ ತೆರೆದ ಶಾಲೆಯೇ ತನ್ನ ತಪ್ಪು ಬಂದಾಗ 'ಗೌಪ್ಯ ವಿಷಯ' ಎನ್ನುತ್ತದೆ. ನಮ್ಮಲ್ಲೂ ಶಾಲೆಗಳಿಗೆ ಏನಾದರೂ ಕೇಳಿ ನೋಡಿ. ಶಿಕ್ಷಕರು ಯಾಕೆ ಬದಲಾದರು, ಬಸ್ಸಿನಲ್ಲಿ ಏನಾಯಿತು ಎಂದರೆ ಗೋಡೆ. ಯಾವ ಮಗು ಫೀ ಕಟ್ಟಿಲ್ಲ, ಯಾವ ಮಗು ಯೂನಿಫಾರಂ ಇಲ್ಲದೆ ಬಂತು ಎಂಬುದಕ್ಕೆ ಮಾತ್ರ ಗೋಡೆಯೂ ಇಲ್ಲ, ಪರದೆಯೂ ಇಲ್ಲ. ಚಿತ್ರದಲ್ಲಿ ಮಕ್ಕಳು ನಡೆಸುವ ಶಾಲಾ ಪತ್ರಿಕೆ ಈ ಮೌನವನ್ನು ಒಡೆಯಲು ಹೋಗಿ ಕಾರ್ಲಾಳ ಸಂದರ್ಶನವನ್ನು ಅವಳಿಗೇ ತಿರುಗುಬಾಣ ಮಾಡುತ್ತದೆ. ನಿಜ ತಿಳಿಯುವ ಹಸಿವು ಮಕ್ಕಳಲ್ಲೂ ದೊಡ್ಡವರ ರೀತಿಯಲ್ಲೇ ಕೆಲಸ ಮಾಡುತ್ತದೆ. ಕಲಿಸಿದವರು ಯಾರು?

ಚಿತ್ರದ ಮೇಲೆ ನನ್ನ ತಕರಾರೂ ಇದೆ. ಅಲಿ ಬೇಗ ಅಂಚಿಗೆ ಸರಿಯುತ್ತಾನೆ. ಕತೆ ಓಸ್ಕರ್‌ನನ್ನು ಹಿಡಿದು ಹೊರಟ ಮೇಲೆ, ಮೊದಲು ಅವಮಾನಗೊಂಡ ಹುಡುಗನ ಲೆಕ್ಕ ಬಾಕಿ ಉಳಿಯುತ್ತದೆ. ಶಾಲೆ ಅವನ ವಿಷಯದಲ್ಲಿ ಮಾಡಿದ್ದನ್ನೇ ಚಿತ್ರಕತೆಯೂ ಮಾಡಿದೆ: ತಪಾಸಣೆ ಮಾಡಿ, ಏನೂ ಸಿಗಲಿಲ್ಲವೆಂದು ಬಿಟ್ಟುಬಿಟ್ಟಿದೆ. ಟರ್ಕಿ ಮೂಲದ ಕುಟುಂಬದಲ್ಲಿ ಹುಟ್ಟಿದ ನಿರ್ದೇಶಕರಿಂದ ನಾನು ಇದನ್ನು ನಿರೀಕ್ಷಿಸಿರಲಿಲ್ಲ. ಸಂಗೀತವೂ ಅಲ್ಲಲ್ಲಿ ನಮ್ಮ ಕಿವಿ ಹಿಂಡಿ 'ಈಗ ಗಾಬರಿಯಾಗಿ' ಎನ್ನುತ್ತದೆ, ಅಷ್ಟು ಬೇಕಿರಲಿಲ್ಲ. ಇವೆರಡನ್ನು ಬಿಟ್ಟರೆ ಚಿತ್ರದ ಕಟ್ಟಡ ಗಟ್ಟಿಯಾಗಿದೆ. ಹಳೆಯ ಟೀವಿಯ ಹಾಗೆ ಚೌಕಕ್ಕೆ ಹತ್ತಿರವಾದ ಚೌಕಟ್ಟು. ಕಾರ್ಲಾಳ ಮನೆಯನ್ನು ನಾವು ನೋಡುವುದೇ ಇಲ್ಲ. ಅವಳಿಗೆ ಮದುವೆಯಾಗಿದೆಯೋ, ಮಕ್ಕಳಿವೆಯೋ ನಮಗೆ ಗೊತ್ತಿಲ್ಲ. ತನ್ನ ಪಾತ್ರದ ಚೀಲವನ್ನು ಜಾಲಾಡದೆಯೇ ನಿರ್ದೇಶಕರು ಅವಳನ್ನು ನಮಗೆ ಪೂರ್ತಿ ಪರಿಚಯಿಸುತ್ತಾರೆ. ಕಳ್ಳರು ಯಾರೆಂದೂ ಕೊನೆಗೆ ಹೇಳುವುದಿಲ್ಲ. ನೋಡಿ ಹೊರಬಂದ ಗೆಳೆಯರೊಬ್ಬರು 'ಅಷ್ಟೆಲ್ಲ ಆಗಿ ಕದ್ದವರು ಯಾರಂತ ಹೇಳ್ಲಿಲ್ವಲ್ರೀ' ಎಂದು ಮುನಿಸಿಕೊಂಡರು.

ನಮ್ಮ ಭಾಷೆಯಲ್ಲಿ ಈ ವಿಷಯ ಮಾತಾಡಲು ಹೊರಟರೆ ಪದವೇ ಕೈಕೊಡುತ್ತದೆ. 'ಖಾಸಗಿತನ' ಎಂದರೆ ಕೋರ್ಟಿನ ವರದಿಯ ವಾಸನೆ. ಅದರ ಬೇರು 'ಖಾಸ್' ಹೊರಗಿನಿಂದ ಬಂದದ್ದು. 'ಗೋಪ್ಯತೆ' ಪಾಸ್‌ವರ್ಡಿನ ಕಡೆಗೆ ಹೋಗುತ್ತದೆ. ಮನೆಮಾತಿನಲ್ಲಿ ಉಳಿಯುವುದು 'ಗುಟ್ಟು'. ಗುಟ್ಟು ಇರುವವರು ಏನೋ ಮಾಡಬಾರದ್ದನ್ನು ಮಾಡಿದವರೇ ಇರಬೇಕು! 'ಅಷ್ಟು ಚಿಕ್ಕ ಹುಡುಗಿಗೆ ಎಂಥ ಗುಟ್ಟು' ಎಂದು ಅಜ್ಜಿಯಂದಿರು ನಕ್ಕು ಟ್ರಂಕು ತೆರೆಯುತ್ತಿದ್ದರು. ಆದರೆ ನಮ್ಮಲ್ಲಿ 'ಮಾನ' ಎಂಬ ಪದ ಇದೆ. ನಾಲ್ಕು ಜನರ ಮುಂದೆ ಮಾನ ತೆಗೆದರು ಎಂದರೆ ಎಂಥವರಿಗೂ ಅರ್ಥವಾಗುತ್ತದೆ. ಬೈದದ್ದಕ್ಕಿಂತ ಆ ನಾಲ್ಕು ಜನ ಅಲ್ಲಿದ್ದದ್ದು ನೋವಿಗೆ ಕಾರಣ ಎಂಬ ತಿಳಿವಳಿಕೆ ಆ ಮಾತಿನೊಳಗೇ ಇದೆ. ಈ ತಿಳಿವಳಿಕೆಯನ್ನು ನಾವು ಮದುವೆ ಮನೆಯ ಜಗಳಕ್ಕೂ ಸಾಲಗಾರನ ಗಲಾಟೆಗೂ ಇಟ್ಟುಕೊಂಡಿದ್ದೇವೆ. ಎಂಟು ವರ್ಷದ ಹುಡುಗನಿಗೂ ಮಾನವಿದೆ ಎಂದು ಒಪ್ಪಲು ಮಾತ್ರ ಮನಸ್ಸು ತಡೆಯುತ್ತದೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ ಮೊಕದ್ದಮೆಯ ಅರ್ಜಿದಾರರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದಾಗಿ ಆರು ತಿಂಗಳೂ ಕಳೆಯುವ ಮೊದಲು, 2018ರ ಜನವರಿಯಲ್ಲಿ, ದಿಲ್ಲಿ ಸರ್ಕಾರ ತನ್ನ ಶಾಲೆಗಳ ಎಲ್ಲ ತರಗತಿಗಳಲ್ಲೂ ಸಿಸಿಟಿವಿ ಹಾಕಿ, ನೇರ ದೃಶ್ಯವನ್ನು ಪೋಷಕರ ಮೊಬೈಲಿಗೆ ಕೊಡುವುದಾಗಿ ಘೋಷಿಸಿತು. 2019ರ ಜುಲೈನಲ್ಲಿ ಲಾಜಪತ್ ನಗರದ ಶಾಲೆಯಲ್ಲಿ ಅದರ ಉದ್ಘಾಟನೆಯೂ ಆಯಿತು. ತಡೆ ಕೋರಿದವರಿಗೆ ಸುಪ್ರೀಂ ಕೋರ್ಟ್ ತಡೆ ಕೊಡಲಿಲ್ಲ. ಅದರ ಹಿಂದಿನ ಭಯ ಸುಳ್ಳಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಗುರುಗ್ರಾಮದ ಶಾಲೆಯೊಂದರಲ್ಲಿ ಏಳು ವರ್ಷದ ಬಾಲಕನ ಕೊಲೆಯಾದ ಮೇಲೆ ದಿಲ್ಲಿಯ ಸುತ್ತಮುತ್ತ ಮಕ್ಕಳಿರುವ ಯಾರೂ ನೆಮ್ಮದಿಯಾಗಿ ನಿದ್ದೆ ಮಾಡಿರಲಾರರು. ಗೇಟಿಗೆ, ಮೊಗಸಾಲೆಗೆ, ಬಸ್ಸಿಗೆ ಕ್ಯಾಮೆರಾ ಬೇಕೆಂದರೆ ನಾನೂ ಕೈ ಎತ್ತುತ್ತೇನೆ. ತರಗತಿಯೊಳಗಿನ ನೇರ ಪ್ರಸಾರದಲ್ಲಿ ಮಾತ್ರ ಇನ್ನೊಂದು ಸಂಗತಿ ನಡೆಯುತ್ತದೆ. ನನ್ನ ಮಗಳನ್ನು ನೋಡಲೆಂದು ತೆರೆದ ಪರದೆಯಲ್ಲಿ ಉಳಿದ ನಲವತ್ತು ಮಕ್ಕಳೂ ಇದ್ದಾರೆ. ಯಾರು ಉತ್ತರ ಗೊತ್ತಿಲ್ಲದೆ ನಿಂತರು, ಯಾರು ಚಡ್ಡಿ ಒದ್ದೆ ಮಾಡಿಕೊಂಡರು, ಯಾರನ್ನು ಯಾರೂ ಪಕ್ಕದಲ್ಲಿ ಕೂರಿಸಿಕೊಳ್ಳುವುದಿಲ್ಲ, ಎಲ್ಲವೂ ಅವರ ಅಪ್ಪ ಅಮ್ಮನಿಗೂ ಮೊದಲು ನನಗೆ ಗೊತ್ತಾಗಬಹುದು. ಹಾಗೆ ತಿಳಿದದ್ದನ್ನು ನಾನು ಯಾರ ಹತ್ತಿರವೂ ಹೇಳುವುದಿಲ್ಲ ಎಂಬ ಭರವಸೆಯನ್ನು ನನ್ನ ಹೆಂಡತಿ ಕೂಡ ಕೊಡಲಾರಳು.

ಕಾನೂನಿನ ಒಂದು ವಿಚಿತ್ರವನ್ನು ಇಲ್ಲೇ ಹೇಳಬೇಕು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಕಾನೂನಿನೊಂದಿಗೆ ಸಂಘರ್ಷಕ್ಕೆ ಬಿದ್ದ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಸಿಗುವ ಯಾವ ವಿವರವನ್ನೂ ಮಾಧ್ಯಮಗಳು ಪ್ರಕಟಿಸುವಂತಿಲ್ಲ. ಕಾಯ್ದೆಯ ಮೂಲತತ್ತ್ವಗಳ ಪಟ್ಟಿಯಲ್ಲೇ ಮಗುವಿನ ಖಾಸಗಿತನವೂ ಇದೆ, ಹಳೆಯದನ್ನು ಅಳಿಸಿ ಹೊಸದಾಗಿ ಶುರುಮಾಡುವ ಅವಕಾಶವೂ ಇದೆ. ಅಂದರೆ ನಿಜವಾಗಿ ಅಪರಾಧ ಮಾಡಿದ ಮಗುವಿನ ಹೆಸರಿಗೆ ಮುಸುಕಿದೆ. ಹೋಂವರ್ಕ್ ಮಾಡದ, ಪಕ್ಕದವನ ಪೆನ್ಸಿಲ್ ಮುರಿದ ಮಗುವಿನ ಹೆಸರು ಸಂಜೆ ಆರಕ್ಕೆ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಇರುತ್ತದೆ. ಪುಣೆಯ ಅಂಥ ಒಂದು ಗುಂಪಿನಲ್ಲಿ ನಾನಿದ್ದೇನೆ. ಶಾಲೆ ಯಾವುದೆಂಬುದು ಬೇಡ. ಯಾರೋ ಕಚ್ಚಿದ ಗುರುತಿನ ಫೋಟೋ ಬರುತ್ತದೆ, ಕೆಳಗೆ ಕಚ್ಚಿದ ಹುಡುಗನ ಹೆಸರು ಕೇಳಿ ಹತ್ತು ಸಂದೇಶ, ಹನ್ನೊಂದನೆಯದರಲ್ಲಿ ಹೆಸರು. ಆ ಹುಡುಗನ ತಾಯಿ ಮರಾಠಿ ಅಷ್ಟಾಗಿ ಬಾರದ ಬೇರೆ ರಾಜ್ಯದವರು. ಎರಡು ದಿನದ ನಂತರ ಗುಂಪು ಬಿಟ್ಟರು. ಹೊರಗಿನಿಂದ ಬಂದ ಕುಟುಂಬಗಳಿಗೆ ಈ ಗುಂಪುಗಳೇ ಊರಿನ ಕಟ್ಟೆ. ಟ್ಯೂಷನ್ನು, ಡಾಕ್ಟರು, ಬಾಡಿಗೆ ಮನೆ ಎಲ್ಲ ಅಲ್ಲೇ. ಅದರಿಂದ ಹೊರಬಿದ್ದವರು ಊರಿನಿಂದಲೇ ಅರ್ಧ ಹೊರಬಿದ್ದಂತೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಹದಿನೆಂಟರೊಳಗಿನ ಮಕ್ಕಳ ನಡವಳಿಕೆಯನ್ನು ಹಿಂಬಾಲಿಸಿ ದಾಖಲಿಸಬಾರದು ಎನ್ನುತ್ತದೆ. ಆದರೆ ಅದರಡಿಯ ನಿಯಮಗಳು ಶಿಕ್ಷಣ ಸಂಸ್ಥೆಗಳಿಗೆ ಕಲಿಕೆ, ಸುರಕ್ಷತೆಯ ಹೆಸರಿನಲ್ಲಿ ವಿನಾಯಿತಿ ಕೊಟ್ಟಿವೆ. ಮಕ್ಕಳು ದಿನದ ಹೆಚ್ಚು ಹೊತ್ತು ಕಳೆಯುವ ಜಾಗಕ್ಕೇ ವಿನಾಯಿತಿ. ಸುರಕ್ಷತೆಗೆ ಅದು ಬೇಕಾಗಬಹುದು. ನಡತೆ ತಿದ್ದುವುದಕ್ಕೂ ಅದನ್ನೇ ಎಳೆದುಕೊಂಡರೆ ಕೇಳುವವರು ಯಾರು?

ಶಿಕ್ಷಕರ ಕಡೆಯ ಮಾತನ್ನೂ ಕೇಳಬೇಕು. ಕಾರ್ಲಾಳ ತರಗತಿಯಲ್ಲಿ ಇರುವಷ್ಟು ಮಕ್ಕಳು ನಮ್ಮಲ್ಲಿ ಎರಡು ಬೆಂಚು ಸಾಲಿಗೆ ಸಿಗುತ್ತಾರೆ. ನಲವತ್ತು ನಿಮಿಷದ ಪೀರಿಯಡ್ಡು, ಐವತ್ತು ಮಕ್ಕಳು, ಮುಗಿಯದ ಸಿಲೆಬಸ್ಸು. ಹಿಂದಿನ ಬೆಂಚಿನಲ್ಲಿ ಇಬ್ಬರು ಕುಸ್ತಿ ಹಿಡಿದಿದ್ದಾರೆ. ಆಗ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಮಾತಾಡಿ ಎಂದು ಉಪದೇಶಿಸುವುದು ಸುಲಭ. ಹೆಸರು ಹಿಡಿದು ಒಮ್ಮೆ ಗದರಿದರೆ ಐವತ್ತೂ ಮಕ್ಕಳು ಸುಮ್ಮನಾಗುತ್ತಾರೆ. ಸಾರ್ವಜನಿಕ ಶಿಕ್ಷೆಯ ಆಕರ್ಷಣೆ ಇರುವುದೇ ಅಲ್ಲಿ, ಒಬ್ಬನ ಖರ್ಚಿನಲ್ಲಿ ಎಲ್ಲರನ್ನೂ ಕೊಳ್ಳಬಹುದು. ಆದರೂ ಅನುಭವವಿರುವ ಶಿಕ್ಷಕರನ್ನು ನೋಡಿ. ಪಾಠ ನಿಲ್ಲಿಸದೆ ನಡೆದು ಹೋಗಿ ಆ ಬೆಂಚಿನ ಪಕ್ಕ ನಿಲ್ಲುತ್ತಾರೆ. ನೋಟ್ ಪುಸ್ತಕದ ಮೇಲೆ ಒಂದು ಬೆರಳು ತಟ್ಟುತ್ತಾರೆ. ಬೆಲ್ ಹೊಡೆದ ಮೇಲೆ 'ಈ ಪುಸ್ತಕಗಳನ್ನು ತರಲು ಸಹಾಯ ಮಾಡು' ಎಂದು ಕರೆದು, ಹೋಗುತ್ತಾ ಕೇಳುತ್ತಾರೆ. ಉಳಿದವರಿಗೆ ಕಾಣುವುದು ಪುಸ್ತಕ ಹೊರುವ ಹುಡುಗ ಮಾತ್ರ.

ಈ ಕೈಚಳಕವನ್ನು ಇಡೀ ಒಂದು ಶಾಲೆಯ ನಡಾವಳಿಯಾಗಿ ಬರೆದಿಟ್ಟ ಪುಸ್ತಕ ಕನ್ನಡದಲ್ಲೂ ಬಹಳ ಮಂದಿ ಓದಿರುವ ತೆತ್ಸುಕೊ ಕುರೊಯಾನಾಗಿಯವರ 'ತೊತ್ತೊ ಚಾನ್'. 1981ರಲ್ಲಿ ಜಪಾನಿನಲ್ಲಿ ಬಂದ ಈ ನೆನಪಿನ ಪುಸ್ತಕವನ್ನು ನಾವು ಸಾಮಾನ್ಯವಾಗಿ ಓದುವುದು ಸ್ವಾತಂತ್ರ್ಯದ, ರೈಲು ಡಬ್ಬಿಯ ತರಗತಿಗಳ, ಆಟದ ಪಾಠಗಳ ಕತೆಯಾಗಿ. 'ಟೀಚರ್ಸ್ ಲೌಂಜ್' ನೋಡಿದ ಮೇಲೆ ತೆರೆದರೆ ಅದು ಬೇರೆ ಪುಸ್ತಕ. ಮೊದಲ ಶಾಲೆಯಲ್ಲಿ ಆ ಹುಡುಗಿ ಪಾಠದ ನಡುವೆ ಡೆಸ್ಕಿನ ಮುಚ್ಚಳ ತೆಗೆದು ಹಾಕುತ್ತಾಳೆ, ಕಿಟಕಿಯ ಬಳಿ ನಿಂತು ಬೀದಿಯ ವಾದ್ಯದವರನ್ನು ಕರೆಯುತ್ತಾಳೆ. ಒಂದನೇ ತರಗತಿಯಲ್ಲೇ ಅವಳನ್ನು ಶಾಲೆಯಿಂದ ತೆಗೆಯುತ್ತಾರೆ. ತಾಯಿ ಅದನ್ನು ಮಗಳಿಗೆ ಹೇಳುವುದಿಲ್ಲ. ಹೊಸ ಶಾಲೆಗೆ ಹೋಗೋಣವೇ ಎಂದು ಕೇಳುತ್ತಾಳೆ, ಅಷ್ಟೇ. ತನ್ನನ್ನು ತೆಗೆದುಹಾಕಿದ್ದರು ಎಂದು ಮಗಳಿಗೆ ತಿಳಿಯುವುದು ಇಪ್ಪತ್ತು ದಾಟಿದ ಮೇಲೆ. ಒಂದು ಮಗುವಿನ ನಡತೆಯ ದಾಖಲೆಯನ್ನು ಆ ಮಗುವಿನಿಂದಲೇ ಹದಿಮೂರು ಹದಿನಾಲ್ಕು ವರ್ಷ ಕಾಪಾಡಿದ ತಾಯಿ! ಇವತ್ತಾದರೆ ಅದು ಶಾಲೆಯ ಆ್ಯಪ್‌ನಲ್ಲಿ ಕೆಂಪು ಅಕ್ಷರದಲ್ಲಿ ಬಂದು, ಮನೆಯ ಟ್ಯಾಬ್ ಹಿಡಿದ ಮಗುವೇ ತಾಯಿಗಿಂತ ಮೊದಲು ಓದಿರುತ್ತಿತ್ತು.

ಹೊಸ ಶಾಲೆಯ ಮುಖ್ಯೋಪಾಧ್ಯಾಯ ಕೊಬಾಯಾಶಿ ಮೊದಲು ಮಾಡುವ ಕೆಲಸ ತಾಯಿಯನ್ನು ಮನೆಗೆ ಕಳಿಸುವುದು. ಆಮೇಲೆ ಹುಡುಗಿಯ ಮಾತನ್ನು ನಾಲ್ಕು ಗಂಟೆ ಕೇಳುತ್ತಾರೆ. ಎಲ್ಲರೂ ಆ ನಾಲ್ಕು ಗಂಟೆಯನ್ನು ನೆನಪಿಡುತ್ತಾರೆ. ನನಗೆ ತಾಯಿ ಹೊರಗೆ ಹೋದದ್ದು ಮುಖ್ಯ. ಹಳೆಯ ಶಾಲೆಯ ದೂರುಗಳನ್ನು ಹೇಳಬಲ್ಲ ಒಬ್ಬರೇ ಒಬ್ಬರು ಕೋಣೆಯಲ್ಲಿಲ್ಲ. ಇನ್ನೊಂದು ಕಡೆ, ಪರ್ಸು ಶೌಚದ ಗುಂಡಿಗೆ ಬಿದ್ದು (ಇಲ್ಲೂ ಪರ್ಸೇ) ಹುಡುಗಿ ಗುಂಡಿಯದನ್ನೆಲ್ಲ ತೋಡಿ ಹೊರಗೆ ರಾಶಿ ಹಾಕುತ್ತಿರುವಾಗ ಅವರು ಹಾದುಹೋಗುತ್ತಾರೆ. ಮುಗಿದ ಮೇಲೆ ಎಲ್ಲವನ್ನೂ ಮತ್ತೆ ಒಳಗೆ ಹಾಕುತ್ತೀ ತಾನೆ ಎಂದಷ್ಟೇ ಕೇಳಿ ಮುಂದೆ ಹೋಗುತ್ತಾರೆ. ತಾಯಿಗೆ ಕರೆ ಇಲ್ಲ, ಪ್ರಾರ್ಥನೆಯ ಹೊತ್ತಿನಲ್ಲಿ ನೀತಿಕತೆ ಇಲ್ಲ. ಹುಡುಗಿ ಎಲ್ಲವನ್ನೂ ಮತ್ತೆ ತುಂಬುತ್ತಾಳೆ. ನಡತೆ ತಿದ್ದಿತೋ ಇಲ್ಲವೋ?

ತಕಾಹಾಶಿ ಎಂಬ ಕುಳ್ಳ ಹುಡುಗನ ಪ್ರಸಂಗ ಇನ್ನೂ ಮುಂದಿನದು. ಅವನ ಮೈ ಬೆಳೆಯುವುದಿಲ್ಲ. ಮನುಷ್ಯರಿಗೆ ಹಿಂದೆ ಬಾಲವಿತ್ತು ಎಂಬ ಪಾಠದಲ್ಲಿ ಶಿಕ್ಷಕಿಯೊಬ್ಬರು ತಮಾಷೆಗೆ ನಿನಗಿನ್ನೂ ಬಾಲವಿದೆಯೇ ಎಂದು ಅವನನ್ನು ಕೇಳಿಬಿಡುತ್ತಾರೆ. ಕೊಬಾಯಾಶಿಗೆ ಬಹಳ ಸಿಟ್ಟು ಬರುತ್ತದೆ. ಆದರೆ ಆ ಶಿಕ್ಷಕಿಯನ್ನು ಅವರು ತರಾಟೆಗೆ ತೆಗೆದುಕೊಳ್ಳುವುದು ಅಡುಗೆಮನೆಯಲ್ಲಿ, ಬೇರೆ ಶಿಕ್ಷಕರಿರುವ ಕೋಣೆಯಲ್ಲಲ್ಲ. ಹುಡುಗಿಗೆ ಅದು ಆಕಸ್ಮಿಕವಾಗಿ ಕೇಳಿಸಿತು, ಹಾಗಾಗಿ ನಮಗೂ ಗೊತ್ತಾಯಿತು. ಒಂದು ಮಗುವಿನ ಮಾನ ತೆಗೆದವರ ಮಾನವನ್ನೂ ಅವರು ಉಳಿಸುತ್ತಾರೆ. ಬೈಗುಳದ ತೂಕ ಮಾತ್ರ ಕಡಿಮೆಯಾಗುವುದಿಲ್ಲ. ಮತ್ತೆ ಕ್ರೀಡಾ ದಿನದ ಆಟಗಳನ್ನು ಗಿಡ್ಡ ಕಾಲಿನವನಿಗೆ ಅನುಕೂಲವಾಗುವಂತೆ ಏರ್ಪಡಿಸುತ್ತಾರೆ, ಎಲ್ಲದರಲ್ಲೂ ತಕಾಹಾಶಿ ಗೆಲ್ಲುತ್ತಾನೆ. ಯಾಕೆ ಹಾಗೆ ಏರ್ಪಡಿಸಿದರೆಂದು ಯಾರಿಗೂ ಘೋಷಿಸುವುದಿಲ್ಲ. ನಮ್ಮಲ್ಲಿ ಅದೇ ಕೆಲಸ ಮಾಡಿದ್ದರೆ ಬ್ಯಾನರು, ಫೋಟೋ, 'ವಿಶೇಷ ಮಕ್ಕಳಿಗೆ ಪ್ರೋತ್ಸಾಹ' ಎಂಬ ಪೋಸ್ಟು.

ಪುಸ್ತಕವನ್ನು ತಲೆಯ ಮೇಲೆ ಹೊತ್ತು ಕುಣಿಯಬೇಕಿಲ್ಲ. ಆ ಶಾಲೆಯಲ್ಲಿ ಇದ್ದದ್ದು ಸುಮಾರು ಐವತ್ತು ಮಕ್ಕಳು. 1945ರ ಬಾಂಬ್ ದಾಳಿಯಲ್ಲಿ ಅದು ಸುಟ್ಟುಹೋಯಿತು. ಎಲ್ಲವೂ ಒಬ್ಬ ದೊಡ್ಡ ಮನುಷ್ಯನ ಒಳ್ಳೆಯತನದ ಮೇಲೆ ನಿಂತಿತ್ತು. ಆತನ ಜಾಗದಲ್ಲಿ ಬೇರೆಯವರಿದ್ದರೆ ಮುಚ್ಚಿದ ಬಾಗಿಲು ಮಗುವಿಗೆ ಅಪಾಯವೂ ಆಗಬಹುದಿತ್ತು. ತಾಯಿಯನ್ನು ಹೊರಗೆ ಕಳಿಸಿ ಮಗುವಿನ ಜೊತೆ ನಾಲ್ಕು ಗಂಟೆ ಕೂರುವುದನ್ನು ಇಂದಿನ ಮಕ್ಕಳ ರಕ್ಷಣೆಯ ನಿಯಮಗಳು ಒಪ್ಪಲಾರವು, ಒಪ್ಪಲೂ ಬಾರದು. ಬಾಗಿಲು ತೆರೆದಿರಲಿ, ಗಾಜಿನ ಕಿಟಕಿಯಿರಲಿ. ಕಂಡರೂ ಕೇಳಿಸದ ಜಾಗ ಒಂದು ಶಾಲೆಯಲ್ಲಿ ಇರಬಹುದಲ್ಲ.

ನಮ್ಮ ವಲಸೆಯ ಇತಿಹಾಸದಲ್ಲೇ ಇದಕ್ಕೊಂದು ನಂಟಿದೆ. ಕರಾವಳಿಯಿಂದ ಮುಂಬಯಿಗೆ ಬಂದು ಹಗಲೆಲ್ಲ ಹೋಟೆಲುಗಳಲ್ಲಿ ದುಡಿದ ಹುಡುಗರು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಬೆಳಗಿನ ಜಾವದಿಂದ ಲೋಟ ತೊಳೆದ ಹುಡುಗ ರಾತ್ರಿ ಎಂಟಕ್ಕೆ ತರಗತಿಯಲ್ಲಿ ತೂಕಡಿಸಿದರೆ ಅದು ಅಶಿಸ್ತೇ? ತಡವಾಗಿ ಬಂದವನನ್ನು ಎಲ್ಲರ ಮುಂದೆ ನಿಲ್ಲಿಸಿ 'ಎಲ್ಲಿದ್ದೆ' ಎಂದು ಕೇಳಿದರೆ, ಯಾವ ಹೋಟೆಲು, ಯಾವ ಕೆಲಸ, ಯಾವ ಯಜಮಾನ ಎಲ್ಲವನ್ನೂ ಅವನು ಒದರಬೇಕಾಗುತ್ತಿತ್ತು. ಅಂಥ ಕೇಳ್ವಿಕೆಯನ್ನು ನಿಯಮ ಮಾಡಿಕೊಂಡಿದ್ದರೆ ಬೆಂಚುಗಳು ಬೇಗ ಖಾಲಿಯಾಗುತ್ತಿದ್ದವು. ಆ ಶಾಲೆಗಳ ಬಗ್ಗೆ ಬರೆಯುವಾಗ ನಾವು ಕಷ್ಟಪಟ್ಟು ಮೇಲೆ ಬಂದವರನ್ನು ಹೊಗಳುತ್ತೇವೆ. ಕೇಳದೆ ಬಿಟ್ಟ ಪ್ರಶ್ನೆಗಳ ಬಗ್ಗೆ ಯಾರಾದರೂ ಬರೆಯಬೇಕು. ಅಲ್ಲಿ ಕಲಿಸಿದವರು, ಕಲಿತವರು ಇನ್ನೂ ನಮ್ಮ ನಡುವೆ ಇದ್ದಾರೆ.

ಓಸ್ಕರ್‌ಗೆ ಮರಳಿದರೆ, ತಾಯಿಯ ಹೆಸರು ಬಯಲಾದ ಮೇಲೆ ಅವನು ತನ್ನ ಉಳಿತಾಯದ ದುಡ್ಡನ್ನೇ ತಂದು ಕಾರ್ಲಾಳ ಮುಂದಿಡುತ್ತಾನೆ. ಅದು ಫಲಿಸುವುದಿಲ್ಲ. ಲ್ಯಾಪ್‌ಟಾಪ್ ಕಸಿದು ಓಡಿ ನೀರಿಗೆ ಎಸೆಯುತ್ತಾನೆ. ಎಳೆದಾಟದಲ್ಲಿ ಕಾರ್ಲಾಳ ಕಣ್ಣಿನ ಬಳಿ ಪೆಟ್ಟಾಗುತ್ತದೆ. ಶಾಲೆಗೆ ಬರಬಾರದೆಂದರೂ ಬಂದು ತನ್ನ ಜಾಗದಲ್ಲಿ ಕೂರುತ್ತಾನೆ, ಏಳುವುದಿಲ್ಲ. ಆಗ ಕಾರ್ಲಾ ಉಳಿದ ಮಕ್ಕಳನ್ನು ಬೇರೆ ಕೋಣೆಗೆ ಕಳಿಸಿ, ಬಾಗಿಲು ಹಾಕಿಕೊಂಡು ಅವನ ಜೊತೆ ಸುಮ್ಮನೆ ಕೂರುತ್ತಾಳೆ. ಹಿಂದೊಮ್ಮೆ ಅವಳು ಅವನಿಗೆ ಬಣ್ಣದ ರೂಬಿಕ್ ಘನ ಕೊಟ್ಟಿದ್ದಳು. ಬಹಳ ಹೊತ್ತಿನ ಮೇಲೆ ಹುಡುಗ ಅದನ್ನು ಹೊರತೆಗೆದು, ಒಂದೊಂದೇ ಮುಖ ತಿರುಗಿಸುತ್ತಾ ಬಿಡಿಸಿ ಅವಳ ಮುಂದೆ ಇಡುತ್ತಾನೆ. ಇಡೀ ಚಿತ್ರದಲ್ಲಿ ಮೊದಲ ಸಲ ಅವರಿಬ್ಬರನ್ನು ಶಾಲೆಯಲ್ಲಿ ಯಾರೂ ನೋಡುತ್ತಿಲ್ಲ. ಸ್ವಲ್ಪ ಹೊತ್ತಿಗೆ ಪೊಲೀಸರು ಬಂದು, ಕುರ್ಚಿ ಬಿಡದ ಹುಡುಗನನ್ನು ಕುರ್ಚಿ ಸಮೇತ ಎತ್ತಿಕೊಂಡು ಹೊರಗೆ ಹೊರಡುತ್ತಾರೆ.